ಹೂವು ಟಿಕೆಟ್ ನೋಡಿ ಅರಳುವುದಿಲ್ಲ

ಹಿಂದಿನ ಸಂಚಿಕೆಯಲ್ಲಿ ಒಬ್ಬ ಓದುಗರು ಜಪಾನಿನ ಚೆರ್ರಿ ಹೂವಿನ ಬಗ್ಗೆ ಕೇಳಿದ್ದರು. ನಾಲ್ಕು ಸಾಲಿನ ಉತ್ತರ ಬರೆದಿದ್ದೆ. ಅದಾದ ಮೇಲೆ ದಾವಣಗೆರೆ, ಚಿತ್ರದುರ್ಗದ ಕಡೆಯಿಂದಲೇ ಕಟ್ಟು ಕಟ್ಟು ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಹೂವಿಗೇ. ನಾನು ಇದನ್ನು ನೋಡಲು ಮೂರು ಸಲ ಹೋಗಿದ್ದೇನೆ. 2018ರಲ್ಲಿ ಒಂದು ಗುಂಪಿನ ಜೊತೆ ಟೋಕಿಯೊಗೆ, 2024ರಲ್ಲಿ ಮಗಳ ಜೊತೆ ದಕ್ಷಿಣ ಕೊರಿಯಾದ ಸೋಲ್‌ಗೆ, 2025ರ ಯುಗಾದಿಗೆ ಅಮ್ಮನನ್ನು ಕರೆದುಕೊಂಡು ಮತ್ತೆ ಜಪಾನಿಗೆ. ಕಂಡಿದ್ದನ್ನು ಬರೆಯುತ್ತೇನೆ.

ಪ್ರಶ್ನೆ: ನಾವು ನಾಲ್ಕು ಜನ ಟೋಕಿಯೊಗೆ ಹೋಗಬೇಕು ಅಂತ ಇದ್ದೇವೆ. ಬೆಂಗಳೂರಿನ ಏಜೆಂಟರು ‘ಏಪ್ರಿಲ್ 5ರಿಂದ 12, ಹೂವು ಗ್ಯಾರಂಟಿ’ ಅನ್ನುತ್ತಾರೆ. ಮುಂಗಡ ಕಟ್ಟಬಹುದಾ?
— ಅಂಗಡಿ ಮಾಲೀಕರು, ವಿದ್ಯಾನಗರ, ದಾವಣಗೆರೆ

ಕಟ್ಟಬೇಡಿ. ಈ ಹೂವಿಗೆ ಗ್ಯಾರಂಟಿ ಕೊಡುವವರು ಜಪಾನಿನಲ್ಲೇ ಯಾರೂ ಇಲ್ಲ.

2018ರಲ್ಲಿ ನಾನು ಇಂಥದೇ ಮಾತು ನಂಬಿ ಹಣ ಕಟ್ಟಿದ್ದೆ. ನಮ್ಮ ಗುಂಪು ಏಪ್ರಿಲ್ 7ಕ್ಕೆ ಟೋಕಿಯೊ ಮುಟ್ಟಿತು. ಆ ವರ್ಷ ಅಲ್ಲಿ ಮಾರ್ಚ್ 17ಕ್ಕೇ ಹೂ ಬಿಟ್ಟು, 24ಕ್ಕೆ ಮರ ತುಂಬಿ ಹೋಗಿತ್ತು. ಉಎನೊ ಪಾರ್ಕಿನ ಹತ್ತಿರ ಬಸ್ ಇಳಿದಾಗ ತಲೆಯ ಮೇಲೆ ಬರೀ ಹಸಿರು ಎಲೆ. ಚರಂಡಿಯ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಎಸಳುಗಳ ಗುಡ್ಡೆ. ನಮ್ಮ ಜೊತೆ ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ಆ ಗುಡ್ಡೆಯ ಪಕ್ಕ ಕೂತು ಫೋಟೊ ತೆಗೆಸಿಕೊಂಡರು. ಮಕ್ಕಳು ದುಡ್ಡು ಕೂಡಿಸಿ ಕಳಿಸಿದ್ದರಂತೆ. ಅವರು ಮತ್ತೆ ಅಷ್ಟು ದೂರ ಬರುವ ಹಾಗಿರಲಿಲ್ಲ. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಈ ಅಂಕಣದಲ್ಲಿ ದಿನಾಂಕದ ವಿಷಯ ಬಂದಾಗಲೆಲ್ಲ ನಾನು ಇಷ್ಟು ಜೋರಾಗಿ ಬರೆಯುವುದು ಅದಕ್ಕೇ.

ಅಲ್ಲಿ ಲೆಕ್ಕ ಹೇಗೆ ಗೊತ್ತಾ? ಜಪಾನಿನ ಹವಾಮಾನ ಇಲಾಖೆ ಒಂದೊಂದು ಊರಿನಲ್ಲೂ ಒಂದು ಮಾದರಿ ಮರ ಇಟ್ಟುಕೊಂಡಿದೆ. ಟೋಕಿಯೊದ್ದು ಯಸುಕುನಿ ದೇಗುಲದ ಅಂಗಳದಲ್ಲಿದೆ. ಅಧಿಕಾರಿ ಬಂದು ಮರದ ಕೆಳಗೆ ನಿಂತು ಹೂವು ಎಣಿಸುತ್ತಾರೆ. ಐದಾರು ಹೂವು ಬಿರಿದಿದ್ದರೆ ‘ಕೈಕಾ’, ಅಂದರೆ ಹೂ ಶುರು ಅಂತ ಸಾರುತ್ತಾರೆ. ಸುತ್ತ ಕ್ಯಾಮೆರಾ ಹಿಡಿದವರ ಗುಂಪೇ ಇರುತ್ತದೆ. ನೂರಕ್ಕೆ ಎಂಬತ್ತು ಮೊಗ್ಗು ಅರಳಿದರೆ ‘ಮಂಕೈ’, ಪೂರ್ತಿ ಅರಳಿದ್ದು. ಮೊದಲನೆಯದರಿಂದ ಎರಡನೆಯದಕ್ಕೆ ಸುಮಾರು ಒಂದು ವಾರ. ಅಲ್ಲಿಂದ ಮುಂದೆ ಮಳೆ ಗಾಳಿ ಬಾರದಿದ್ದರೆ ಇನ್ನೊಂದು ವಾರ. ಅಷ್ಟೇ ಅದರ ಆಯಸ್ಸು.

1991ರಿಂದ 2020ರವರೆಗಿನ ಸರಾಸರಿ ನೋಡಿದರೆ ಟೋಕಿಯೊದಲ್ಲಿ ಹೂ ಶುರುವಾಗುವುದು ಮಾರ್ಚ್ 24ಕ್ಕೆ, ತುಂಬುವುದು 31ಕ್ಕೆ. ಕ್ಯೋಟೊದಲ್ಲಿ ಮಾರ್ಚ್ 26 ಮತ್ತು ಏಪ್ರಿಲ್ 4. ಒಸಾಕಾ ಹೆಚ್ಚುಕಡಿಮೆ ಕ್ಯೋಟೊ ಹಾಗೇ. ಆದರೆ ಸರಾಸರಿಯನ್ನೇ ನಂಬಿ ಕೂರುವ ಹಾಗಿಲ್ಲ. ಟೋಕಿಯೊದಲ್ಲಿ 2020, 2021, 2023ರಲ್ಲಿ ಮಾರ್ಚ್ 14ಕ್ಕೇ ಹೂ ಬಂತು. 2024ರಲ್ಲಿ 29ರವರೆಗೆ ಕಾಯಿಸಿತು. ಹದಿನೈದು ದಿನದ ವ್ಯತ್ಯಾಸ!

ಅಲ್ಲಿಯವರು ಮನೆಯಲ್ಲೇ ಒಂದು ಲೆಕ್ಕ ಹಾಕುತ್ತಾರೆ. ಫೆಬ್ರವರಿ 1ರಿಂದ ಪ್ರತಿ ದಿನದ ಗರಿಷ್ಠ ಉಷ್ಣಾಂಶವನ್ನು ಕೂಡಿಸುತ್ತಾ ಹೋಗುವುದು. ಮೊತ್ತ 600 ಡಿಗ್ರಿ ಮುಟ್ಟುವ ಹೊತ್ತಿಗೆ ಟೋಕಿಯೊದಲ್ಲಿ ಹೂವು ಬರುತ್ತದೆ ಅಂತ. ಒಂದೆರಡು ದಿನ ಆಚೀಚೆ ಆದರೂ ಚೆನ್ನಾಗಿ ಹೊಂದುವ ಲೆಕ್ಕ. ಹವಾಮಾನ ಇಲಾಖೆ 2010ರಿಂದ ಮುನ್ಸೂಚನೆ ಕೊಡುವುದನ್ನು ಬಿಟ್ಟಿದೆ. ಈಗ ಖಾಸಗಿ ಹವಾಮಾನ ಸಂಸ್ಥೆಗಳು ಜನವರಿಯಿಂದಲೇ ಕೊಡುತ್ತವೆ. ಮಾರ್ಚ್ ಮೊದಲ ವಾರದ್ದು ನಂಬಲು ಅಡ್ಡಿಯಿಲ್ಲ.

ನಿಮಗೆ ನನ್ನ ಸಲಹೆ ಇದು. ಮಾರ್ಚ್ 27ರ ಸುಮಾರಿಗೆ ಟೋಕಿಯೊದಲ್ಲಿ ಇಳಿಯಿರಿ. ಅಲ್ಲಿ ನಾಲ್ಕು ರಾತ್ರಿ, ಆಮೇಲೆ ಕ್ಯೋಟೊದಲ್ಲಿ ಐದು ರಾತ್ರಿ. ಹೋಟೆಲ್‌ಗಳನ್ನು ನಾಲ್ಕೈದು ತಿಂಗಳು ಮೊದಲೇ ಹಿಡಿಯಿರಿ, ಆದರೆ ಹಣ ಕಳೆದುಕೊಳ್ಳದೆ ರದ್ದು ಮಾಡುವಂಥದ್ದೇ ಇರಲಿ. ಟೋಕಿಯೊ ತಡ ಅಂತ ಗೊತ್ತಾದರೆ ಊರುಗಳನ್ನು ಹಿಂದುಮುಂದು ಮಾಡಬಹುದು. ವೀಸಾಕ್ಕೆ ತೀರಾ ಮೊದಲೂ ಹೋಗಬೇಡಿ. ಒಂದು ಸಲದ ಪ್ರವೇಶದ ವೀಸಾ ಕೊಟ್ಟ ದಿನದಿಂದ ಮೂರು ತಿಂಗಳು ಮಾತ್ರ ನಡೆಯುತ್ತದೆ. ಜನವರಿ ಕೊನೆ, ಫೆಬ್ರವರಿ ಮೊದಲು ಸರಿಯಾದ ಹೊತ್ತು.

2025ರಲ್ಲಿ ನಾನು ಹೀಗೇ ಮಾಡಿದೆ. ಆ ವರ್ಷ ಟೋಕಿಯೊದಲ್ಲಿ ಹೂ ತುಂಬಿದ್ದು ಮಾರ್ಚ್ 30ಕ್ಕೆ. ಅವತ್ತು ನಮ್ಮ ಯುಗಾದಿ.

ಪ್ರಶ್ನೆ: ನಾವಿಬ್ಬರೂ ಹೈಸ್ಕೂಲು ಮೇಷ್ಟ್ರು. ಬೇಸಿಗೆ ರಜೆ ಸಿಗುವ ಹೊತ್ತಿಗೆ ಏಪ್ರಿಲ್ ಅರ್ಧ ಆಗಿರುತ್ತದೆ. ಹಾಗಾದರೆ ನಮಗೆ ಈ ಹೂವು ಇಲ್ಲವೇ ಇಲ್ಲವಾ?
— ಶಿಕ್ಷಕ ದಂಪತಿ, ಚಿತ್ರದುರ್ಗ

ಇದೆ. ನಿಮಗೆ ಸಿಗುವುದು ಇನ್ನೂ ಚೆನ್ನಾಗಿದೆ ಅಂತಲೇ ನನ್ನ ಅನಿಸಿಕೆ.

ಎಲ್ಲರೂ ಫೋಟೊದಲ್ಲಿ ನೋಡುವ ತೆಳು ಗುಲಾಬಿ ಹೂವು ‘ಸೊಮೇಯ್ ಯೊಶಿನೊ’ ಅನ್ನುವ ಒಂದೇ ತಳಿ. ಚೆರ್ರಿಯಲ್ಲಿ ಬೇರೆ ತಳಿಗಳು ನೂರಾರಿವೆ. ಒತ್ತೊತ್ತಾಗಿ ಎಸಳಿರುವ ‘ಯಾಎ’ ಜಾತಿಯವು ಹತ್ತು ಹದಿನೈದು ದಿನ ತಡವಾಗಿ ಬಿಡುತ್ತವೆ. ನಮ್ಮ ಕಡೆ ಸುತ್ತಿನ ಮಲ್ಲಿಗೆ ಅನ್ನುತ್ತೇವಲ್ಲ, ಆ ಥರ. ಟೋಕಿಯೊದ ಶಿಂಜುಕು ಗ್ಯೊಎನ್ ಉದ್ಯಾನದಲ್ಲಿ ಇವು ಬೇಕಾದಷ್ಟಿವೆ. ಕ್ಯೋಟೊದ ನಿನ್ನಾ-ಜಿ ದೇವಾಲಯದ ‘ಒಮುರೊ’ ಚೆರ್ರಿಯೂ ತಡದ್ದೇ. ಆ ಮರಗಳು ಕುಳ್ಳಗೆ. ಎರಡು ಮೂರು ಮೀಟರ್ ಅಷ್ಟೇ. ಹೂವು ಮುಖದ ಮುಂದೆಯೇ ಬಂದು ನಿಲ್ಲುತ್ತದೆ. ಒಸಾಕಾದ ಸರ್ಕಾರಿ ಟಂಕಸಾಲೆ 1883ರಿಂದ ತನ್ನ ಅಂಗಳದ 560 ಮೀಟರ್ ದಾರಿಯನ್ನು ವರ್ಷಕ್ಕೆ ಸುಮಾರು ಒಂದು ವಾರ ಜನರಿಗೆ ತೆರೆಯುತ್ತದೆ. ಆ ವಾರ ಏಪ್ರಿಲ್‌ನಲ್ಲಿ ಯಾವಾಗ ಬೀಳುತ್ತದೆ ಅನ್ನುವುದು ಹೂವಿನ ಮೇಲೆ ನಿಂತಿದೆ. ಮೊದಲೇ ಆನ್‌ಲೈನ್‌ನಲ್ಲಿ ಹೆಸರು ಬರೆಸಬೇಕು.

ಆದರೆ ದುರ್ಗದವರಿಗೆ ನಾನು ಹೇಳುವ ಜಾಗವೇ ಬೇರೆ. ರಜೆಯನ್ನು ಏಪ್ರಿಲ್ ಕೊನೆಗೆ ಇಟ್ಟುಕೊಂಡು ಉತ್ತರದ ಹೊಕ್ಕೈಡೊಗೆ ಹೋಗಿ. ಸಪ್ಪೊರೊದಲ್ಲಿ ಹೂ ಶುರುವಾಗುವ ಸರಾಸರಿ ದಿನ ಮೇ 1. ಅದಕ್ಕಿಂತ ದಕ್ಷಿಣದ ಹಕೊದಾತೆಯಲ್ಲಿ ಏಪ್ರಿಲ್ 28. ಹಕೊದಾತೆಯಲ್ಲಿ ಗೊರ್ಯೊಕಾಕು ಅಂತ ಒಂದು ಕೋಟೆ ಇದೆ. 19ನೇ ಶತಮಾನದಲ್ಲಿ ಕಟ್ಟಿದ್ದು. ಐದು ಮೂಲೆಯ ನಕ್ಷತ್ರದ ಆಕಾರ. ಸುತ್ತ ಕಂದಕ, ಕಂದಕದ ಉದ್ದಕ್ಕೂ ಸುಮಾರು 1,500 ಚೆರ್ರಿ ಮರ. ಪಕ್ಕದಲ್ಲಿ 107 ಮೀಟರ್ ಎತ್ತರದ ಗೋಪುರ, ಹತ್ತಿ ನೋಡಿದರೆ ನಕ್ಷತ್ರದ ಗೆರೆಗಳೆಲ್ಲ ಹೂವಿನಲ್ಲೇ ಬರೆದ ಹಾಗೆ. ಏಳು ಸುತ್ತಿನ ಕೋಟೆಯ ಬುಡದಲ್ಲಿ ಬೆಳೆದವರಿಗೆ ಕೋಟೆ ಅಂದರೆ ಬಂಡೆ, ಬಿಸಿಲು. ನೀವು ನೀರು ಮತ್ತು ಹೂವಿನ ಕೋಟೆಯನ್ನೂ ನೋಡಬೇಕು. ಒಂದು ಎಚ್ಚರ: ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿನವರಿಗೇ ಸಾಲು ರಜೆ. ರೈಲು, ರೂಮು ಬೇಗ ಹಿಡಿಯಿರಿ.

ಪ್ರಶ್ನೆ: ಟೋಕಿಯೊ, ಕ್ಯೋಟೊ, ಒಸಾಕಾ, ಸೋಲ್, ಶಾಂಘೈ — ಒಂಬತ್ತು ದಿನದಲ್ಲಿ ಐದೂ ಮುಗಿಸುವ ಪ್ಲಾನ್ ಇದೆ. ರೈಲ್ ಪಾಸ್ ಕೊಂಡರೆ ಉಳಿತಾಯ ಅಲ್ವಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಬೇಡ ಮಗಾ. ಎರಡು ಊರು ಸಾಕು.

ಮೊದಲು ಪಾಸ್ ಲೆಕ್ಕ. ಏಳು ದಿನದ ಜೆ.ಆರ್. ಪಾಸ್, ಅಂದರೆ ಜಪಾನ್ ರೈಲ್ವೆಯ ಪಾಸ್, ಮುಂಚೆ 29,650 ಯೆನ್ ಇತ್ತು. 2023ರ ಅಕ್ಟೋಬರ್‌ನಲ್ಲಿ 50,000 ಆಯಿತು. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿಗೆ ಸುಮಾರು 14,000 ಯೆನ್. ಹೋಗಿ ಬಂದರೂ 28,000. ಪಾಸ್ ಸುಮ್ನೆ ದಂಡ. ಅದರ ಮೇಲೆ ಅತಿ ವೇಗದ ನೊಝೊಮಿ ರೈಲು ಹತ್ತಲು ಪಾಸ್ ಇದ್ದವರೂ ಜಾಸ್ತಿ ಹಣ ಕೊಡಬೇಕು.

ಇನ್ನು ಐದು ಊರಿನ ಮಾತು. ಒಂಬತ್ತು ದಿನದಲ್ಲಿ ನಾಲ್ಕು ದಿನ ನಿನಗೆ ವಿಮಾನ ನಿಲ್ದಾಣ ಮತ್ತು ರೈಲಿನಲ್ಲೇ ಹೋಗುತ್ತದೆ. ಹೂವು ಬೆಳಿಗ್ಗೆ ಒಂದು ಬಣ್ಣ, ಸಂಜೆ ಒಂದು ಬಣ್ಣ. ರಾತ್ರಿ ದೀಪ ಹಾಕಿದಾಗ ಬೇರೆಯೇ. ಅದಕ್ಕೆ ಅವರು ‘ಯೊಝಾಕುರಾ’, ರಾತ್ರಿಯ ಚೆರ್ರಿ ಅಂತ ಹೆಸರೇ ಇಟ್ಟಿದ್ದಾರೆ. ಗಾಳಿಗೆ ಎಸಳು ಹಾರುವುದಕ್ಕೆ ‘ಹನಾಫುಬುಕಿ’. ಉದುರಿದ ಎಸಳು ನೀರಿನ ಮೇಲೆ ತೆಪ್ಪದ ಹಾಗೆ ಸೇರಿಕೊಂಡು ತೇಲುವುದಕ್ಕೆ ‘ಹನಾಇಕಾದಾ’. ಅಂದರೆ ಹೂವಿನ ತೆಪ್ಪ. ಟೋಕಿಯೊದ ಮೆಗುರೊ ಹೊಳೆಗೆ ಒಂದು ದಿನ ಹೂ ನೋಡಲು ಹೋಗು. ನಾಲ್ಕು ದಿನ ಬಿಟ್ಟು ಅದೇ ಸೇತುವೆಗೆ ತೆಪ್ಪ ನೋಡಲು ಹೋಗು. ಎರಡು ಊರು ನೋಡಿದ ಹಾಗೇ ಆಗುತ್ತದೆ.

ಪ್ರಶ್ನೆ: ನಮ್ಮ ಅತ್ತೆಗೆ 70 ದಾಟಿದೆ. ಇಷ್ಟಲಿಂಗ ಪೂಜೆ ಮಾಡದೆ ನೀರೂ ಕುಡಿಯುವುದಿಲ್ಲ. ಮೀನು, ಮೊಟ್ಟೆ ಸೋಕಿದ ಪಾತ್ರೆ ಕೂಡ ಆಗುವುದಿಲ್ಲ. ಮಂಡಿ ನೋವೂ ಇದೆ. ಆದರೆ ಟಿವಿಯಲ್ಲಿ ಆ ಹೂವು ನೋಡಿ ‘ಒಂದ್ಸಲ ತೋರಿಸು’ ಅಂತಾರೆ. ಕರೆದುಕೊಂಡು ಹೋಗಬಹುದಾ?
— ಸೊಸೆ, ಪಿ.ಜೆ. ಬಡಾವಣೆ, ದಾವಣಗೆರೆ

ಕರೆದುಕೊಂಡು ಹೋಗಿ ತಾಯಿ, ತಡ ಮಾಡಬೇಡಿ. ನಿಮ್ಮ ಪತ್ರ ಓದಿದಾಗ ನಮ್ಮಮ್ಮನನ್ನೇ ಕಂಡ ಹಾಗಾಯಿತು. ಅವರಿಗೆ ಹೋಗುವಾಗ 74. ಮಂಡಿ ನೋವು, ಪೂಜೆ, ಪಥ್ಯ ಎಲ್ಲ ನಿಮ್ಮ ಅತ್ತೆಯದೇ.

ಊಟದ ಮಾತು ಮೊದಲು. ಜಪಾನಿನಲ್ಲಿ ಕಣ್ಣಿಗೆ ಕಾಣುವ ಮೀನಿಗಿಂತ ಕಾಣದ ಮೀನು ಜಾಸ್ತಿ. ‘ದಾಶಿ’ ಅನ್ನುವ ಸಾರು ಎಲ್ಲದಕ್ಕೂ ಬುನಾದಿ. ಒಣಗಿಸಿದ ಮೀನನ್ನು ಹೆರೆದು ಕುದಿಸಿ ಬಸಿದ ನೀರು ಅದು. ಸೊಪ್ಪಿನ ಪಲ್ಯ, ತೋಫು, ಮಿಸೊ ಸಾರು, ಉಡೊನ್ ಶಾವಿಗೆ, ಎಲ್ಲದರಲ್ಲೂ ಇರಬಹುದು. ‘ಮಾಂಸ ಇದೆಯಾ’ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಅವರ ಪ್ರಕಾರ ಅದು ನಿಜ. ಈ ವಾಕ್ಯ ಬಾಯಿಪಾಠ ಮಾಡಿ: ‘ನಿಕು ತೊ ಸಕಾನಾ ತೊ ಕತ್ಸುಓ-ದಾಶಿ ವಾ ತಾಬೆಮಾಸೆನ್.’ ಮಾಂಸ, ಮೀನು, ಮೀನಿನ ಸಾರು ತಿನ್ನುವುದಿಲ್ಲ ಅಂತ ಅರ್ಥ. ಜಪಾನಿ ಲಿಪಿಯಲ್ಲಿ ಚೀಟಿ ಮಾಡಿಸಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಬೌದ್ಧ ಮಠಗಳ ಅಡುಗೆ ‘ಶೊಜಿನ್ ರ್ಯೋರಿ’ ಪೂರ್ತಿ ಸಸ್ಯಾಹಾರ. ಕ್ಯೋಟೊದಲ್ಲಿ ಸಿಗುತ್ತದೆ. ಟೋಕಿಯೊದ ನಿಶಿ-ಕಸಾಯ್ ಕಡೆ ನಮ್ಮ ಭಾರತದ ಕುಟುಂಬಗಳು ತುಂಬಾ ಇವೆ. ಅಕ್ಕಿ, ಬೇಳೆ, ಮಸಾಲೆ ಅಲ್ಲೇ ಸಿಗುತ್ತವೆ. ಪಾತ್ರೆಯೂ ಆಗಲ್ಲ ಅಂತೀರಲ್ಲ, ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಪುಟ್ಟ ಕುಕ್ಕರ್ ನಿಮ್ಮದೇ ಇರಲಿ.

ನಾವು ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಚೀಲ ಮಂಡಕ್ಕಿ ಒಯ್ದಿದ್ದೆವು. ಹಸಿ ಕರಿಬೇವು, ಮೆಣಸಿನಕಾಯಿ, ಹಣ್ಣು, ಹೂವು ಮಾತ್ರ ಒಯ್ಯಬೇಡಿ. ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ಗಿಡಮರದ ಹಸಿ ವಸ್ತು ಒಳಗೆ ಬಿಡುವುದಿಲ್ಲ. ಹಾಗಾಗಿ ಯುಗಾದಿ ದಿನ ನಮ್ಮ ಹತ್ತಿರ ಬೆಲ್ಲ ಇತ್ತು, ಬೇವು ಇರಲಿಲ್ಲ.

ಮಂಡಕ್ಕಿ ಅಂದಾಗ ನೆನಪಾಯಿತು. ಟೋಕಿಯೊದ ಅಸಾಕುಸಾದಲ್ಲಿ ‘ಕಾಮಿನಾರಿ ಒಕೊಶಿ’ ಅಂತ ಒಂದು ಹಳೆಯ ತಿಂಡಿ ಇದೆ. ಅರಳಿಸಿದ ಅಕ್ಕಿಗೆ ಸಕ್ಕರೆ ಪಾಕ ಹಾಕಿ, ಶೇಂಗಾ ಸೇರಿಸಿ, ತಟ್ಟಿ, ಕತ್ತರಿಸಿ ಮಾರುತ್ತಾರೆ. ಅಮ್ಮ ಒಂದು ತುಂಡು ಕಡಿದು, ಕಣ್ಣು ಮುಚ್ಚಿ ಜಗಿದು, ‘ಇದು ನಮ್ಮ ಮಂಡಕ್ಕಿ ಉಂಡೆ ಕಣೇ’ ಅಂದರು. ಮಂಡಕ್ಕಿ ಭಟ್ಟಿಯ ಹೊಗೆ ಕುಡಿದು ಬೆಳೆದ ನಮ್ಮ ಊರಿನವರಿಗೆ ಅದು ತಿಳಿಯದೆ ಇರುತ್ತದಾ? ಹತ್ತಿರದಲ್ಲೇ ಸುಮಿದಾ ಹೊಳೆಯ ದಂಡೆ. ಅಲ್ಲಿ 18ನೇ ಶತಮಾನದಲ್ಲಿ ಜಪಾನ್ ಆಳುತ್ತಿದ್ದ ಸೇನಾ ದೊರೆ, ಶೋಗುನ್ ಯೊಶಿಮುನೆ, ಜನಸಾಮಾನ್ಯರಿಗಾಗಿಯೇ ಚೆರ್ರಿ ನೆಡಿಸಿದ್ದ. ಸಕುರಾ ಅಂದರೆ ಚೆರ್ರಿ. ಆ ದಂಡೆಯಲ್ಲಿ ಸಿಗುವ ‘ಸಕುರಾ ಮೊಚಿ’ ಅನ್ನುವ ಸಿಹಿ ತಿಂಡಿಯನ್ನು ಅತ್ತೆಗೆ ಕೊಡಿಸಿ. ಒಳಗೆ ಕೆಂಪು ಅವರೆಯ ಸಿಹಿ ಹೂರಣ, ಹೊರಗೆ ತೆಳು ಹಿಟ್ಟಿನ ಹೊದಿಕೆ, ಅದಕ್ಕೆ ಉಪ್ಪಿನಲ್ಲಿ ನೆನೆಸಿದ ಚೆರ್ರಿ ಎಲೆ ಸುತ್ತಿರುತ್ತದೆ.

ಈಗ ಪೂಜೆಯ ಹೂವು. ಅಮ್ಮನಿಗೆ ಇದೇ ದೊಡ್ಡ ಚಿಂತೆಯಾಗಿತ್ತು. ಇಷ್ಟು ಹೂವಿನ ಊರಿಗೆ ಬಂದು ಲಿಂಗಕ್ಕೆ ಒಂದು ಹೂ ಏರಿಸದೆ ಇರುವುದು ಹೇಗೆ? ಆದರೆ ಅಲ್ಲಿ ಹೂ ಕೀಳುವ ಹಾಗಿಲ್ಲ. ಕೊಂಬೆ ಬಗ್ಗಿಸುವುದು, ಅಲ್ಲಾಡಿಸುವುದು, ಫೋಟೊಗಾಗಿ ಎಳೆದು ಹಿಡಿಯುವುದು, ಯಾವುದೂ ಕೂಡದು. ಚೆರ್ರಿ ಮರಕ್ಕೆ ಗಾಯವಾದರೆ ಅಲ್ಲಿಂದ ಕೊಳೆಯಲು ಶುರುವಾಗುತ್ತದೆ. ಬೇರು ಮೇಲ್ಮೈಯಲ್ಲೇ ಹರಡಿರುವುದರಿಂದ ಬುಡ ತುಳಿಯುವುದೂ ತಪ್ಪೇ.

ಯುಗಾದಿ ದಿನ ಚಳಿ ಇತ್ತು. ಶಿಂಜುಕು ಗ್ಯೊಎನ್‌ನ ಒಂದು ಬೆಂಚಿನ ಮೇಲೆ ಅಮ್ಮ ಶಾಲು ಹೊದ್ದು ಕೂತಿದ್ದರು. ಕಾಲ ಬಳಿ ಟಪ್ಪನೆ ಒಂದು ಹೂವು ಬಿತ್ತು. ಎಸಳಲ್ಲ, ಇಡೀ ಹೂವು. ಐದು ಎಸಳು, ನಡುವೆ ಕೇಸರ, ಹಿಂದೆ ಕೆಂಪು ಬಟ್ಟಲು, ಎಲ್ಲ ಹಾಗೇ ಇದೆ. ಮತ್ತೊಂದು ಬಿತ್ತು. ಮೇಲೆ ನೋಡಿದರೆ ಗುಬ್ಬಿಗಳು! ಅಲ್ಲಿಯ ಗುಬ್ಬಿಗೆ ಮೋಟು ಕೊಕ್ಕು. ಹೂವಿನ ಬಾಯಿಂದ ಮಕರಂದ ಹೀರಲು ಬರುವುದಿಲ್ಲ. ಹಾಗಾಗಿ ಬುಡದಲ್ಲಿ ಕಚ್ಚಿ, ಸಿಹಿ ಹಿಂಡಿಕೊಂಡು, ಹೂವನ್ನು ಕೆಳಗೆ ಬಿಡುತ್ತದೆ. ಅಮ್ಮ ಬೆಂಚಿನಿಂದ ಇಳಿದು, ಮಂಡಿ ನೋವನ್ನೂ ಮರೆತು, ಒಂದೊಂದೇ ಆರಿಸಿ ಸೆರಗಿಗೆ ಹಾಕಿಕೊಂಡರು. ‘ಬಿದ್ದ ಹೂವು ನಡೆಯುತ್ತಾ ಅಮ್ಮಾ?’ ಅಂದೆ. ‘ಪಾರಿಜಾತ ನೆಲದಿಂದಲೇ ಆರಿಸ್ತೀವಲ್ಲ’ ಅಂದರು.

ಅಲ್ಲೇ ಪಕ್ಕದಲ್ಲಿ ಜಪಾನಿನ ಒಬ್ಬ ಅಜ್ಜಿ ನಿಂತು ನೋಡುತ್ತಿದ್ದರು. ಅವರೂ ಬಗ್ಗಿ ಎರಡು ಹೂ ಆರಿಸಿ ಅಮ್ಮನ ಸೆರಗಿಗೆ ಹಾಕಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಬರದು. ಇಬ್ಬರೂ ಕೈ ಮುಗಿದುಕೊಂಡರು. ಮರುದಿನ ಬೆಳಿಗ್ಗೆ ನಾವು ಇಳಿದುಕೊಂಡಿದ್ದ ಮನೆಯಲ್ಲಿ, ಅಂಗೈಯ ಲಿಂಗದ ಮೇಲೆ ಆ ಹೂವು ಇತ್ತು. ರಾತ್ರಿ ಬಟ್ಟಲು ನೀರಿನಲ್ಲಿ ಇಟ್ಟಿದ್ದರಿಂದ ಬಾಡಿರಲಿಲ್ಲ. ಎಸಳಿನ ತುದಿಯಲ್ಲಿ ಉಗುರಿನಿಂದ ಚಿವುಟಿದ ಹಾಗೆ ಒಂದು ಸಣ್ಣ ಕಚ್ಚು ಇರುತ್ತದೆ, ಚೆರ್ರಿಯ ಗುರುತು ಅದು. ಅವತ್ತು ಅದನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ.

ಮಂಡಿ ನೋವಿಗೆ ಒಂದಿಷ್ಟು ಹೇಳುತ್ತೇನೆ. ಅತ್ತೆಗೆ ಶಿಂಜುಕು ಗ್ಯೊಎನ್ ಎಲ್ಲಕ್ಕಿಂತ ಒಳ್ಳೆಯದು. ಅಗಲವಾದ ದಾರಿ, ಬೇಕಾದಷ್ಟು ಬೆಂಚು. ಹಿರಿಯರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಇದೆ, ಉಳಿದವರಿಗೆ 500 ಯೆನ್. ಒಳಗೆ ಮದ್ಯ ನಿಷೇಧ, ಹಾಗಾಗಿ ಗಲಾಟೆ ಇಲ್ಲ. ಹೂವಿನ ಕಾಲದ ಕೆಲವು ದಿನ ಮುಂಗಡ ಬುಕಿಂಗ್ ಬೇಕಾಗುತ್ತದೆ, ನೋಡಿಕೊಳ್ಳಿ. ಚಿದೊರಿಗಾಫುಚಿ ಅಂತ ಅರಮನೆಯ ಕಂದಕದ ಪಕ್ಕ 700 ಮೀಟರ್ ದಾರಿ ಇದೆ, ಸಮತಟ್ಟು. ಮೇಲಿನಿಂದ ಕೊಂಬೆಗಳು ನೀರಿನವರೆಗೆ ಬಗ್ಗಿರುತ್ತವೆ. ಕ್ಯೋಟೊದ ‘ತತ್ವಜ್ಞಾನಿಯ ದಾರಿ’ ಕಾಲುವೆಯ ಪಕ್ಕ ಎರಡು ಕಿಲೋಮೀಟರ್. ನಿಶಿದಾ ಕಿತಾರೊ ಅನ್ನುವ ತತ್ವಜ್ಞಾನಿ ಅಲ್ಲಿ ದಿನಾ ನಡೆಯುತ್ತಿದ್ದರಂತೆ. ಬೆಳಿಗ್ಗೆ ಏಳರ ಒಳಗೆ ಹೋಗಿ. ಒಂಬತ್ತಾದ ಮೇಲೆ ಹೆಜ್ಜೆ ಇಡಲು ಜಾಗ ಇರುವುದಿಲ್ಲ. ರೈಲು ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಆದರೆ ಎಲ್ಲೋ ಒಂದು ಮೂಲೆಯಲ್ಲಿ. ಹುಡುಕಿಯೇ ಹೋಗಿ, ಮೆಟ್ಟಿಲು ಹತ್ತಿಸಬೇಡಿ. ದೊಡ್ಡ ಸೂಟ್‌ಕೇಸ್‌ಗಳನ್ನು ‘ತಕ್ಕ್ಯುಬಿನ್’ ಸೇವೆಗೆ ಕೊಟ್ಟರೆ ಸಾಮಾನ್ಯವಾಗಿ ಮರುದಿನ ಮುಂದಿನ ಊರಿನ ಹೋಟೆಲ್ ಮುಟ್ಟುತ್ತವೆ. ಸ್ವೆಟರ್, ಕಾಲುಚೀಲ, ಮಫ್ಲರ್ ಮರೆಯಬೇಡಿ. ನಮ್ಮಲ್ಲಿ ಬಿಸಿಲು ಸುಡುವ ಹೊತ್ತಿಗೆ ಅಲ್ಲಿ ಬೆಳಿಗ್ಗೆ ಆರೇಳು ಡಿಗ್ರಿ ಇರುತ್ತದೆ.

ಪ್ರಶ್ನೆ: ಜಪಾನಿನ ಬದಲು ಸೋಲ್‌ಗೆ ಹೋದರೆ ಹೇಗೆ? ಅದೇ ಹೂವೇನಾ?
— ಓದುಗರು, ಚಳ್ಳಕೆರೆ

ಹೋಗಿ, ಚೆನ್ನಾಗಿದೆ. ಸೋಲ್‌ನಲ್ಲಿ ಸರಾಸರಿ ಏಪ್ರಿಲ್ 8ಕ್ಕೆ ಹೂ ಶುರು, ಎರಡು ಮೂರು ದಿನದಲ್ಲೇ ಮರ ತುಂಬುತ್ತದೆ. ಇಲ್ಲೂ ದಿನಾಂಕ ಜಾರುತ್ತದೆ. 2021ರಲ್ಲಿ ಮಾರ್ಚ್ 24ಕ್ಕೇ ಬಂದಿತ್ತು. 2024ರಲ್ಲಿ ನಾವು ಹೋದಾಗ ಏಪ್ರಿಲ್ 1ಕ್ಕೆ ಶುರುವಾಗಿತ್ತು.

ಹಾನ್ ನದಿಯ ಯೊಯಿದೊ ದ್ವೀಪದಲ್ಲಿ ಸಂಸತ್ ಭವನದ ಹಿಂದಿನ ರಸ್ತೆ, ಸುಮಾರು 1.7 ಕಿಲೋಮೀಟರ್. ಹೂವಿನ ಜಾತ್ರೆಯ ದಿನಗಳಲ್ಲಿ ವಾಹನ ಬಿಡುವುದಿಲ್ಲ. ಸೊಕ್‌ಚೋನ್ ಕೆರೆಯ ಸುತ್ತಲೂ ನಡೆಯಬಹುದು. ಒಂದು ಕಡೆ ಹೂವು, ಇನ್ನೊಂದು ಕಡೆ 555 ಮೀಟರ್ ಎತ್ತರದ ಲೊಟ್ಟೆ ಗೋಪುರ. ನನಗೆ ಮನಸ್ಸು ನಿಂತಿದ್ದು ಅರಮನೆಗಳಲ್ಲಿ. ಅವರ ಸಾಂಪ್ರದಾಯಿಕ ಉಡುಗೆ ಹಾನ್‌ಬೊಕ್ ಬಾಡಿಗೆಗೆ ಸಿಗುತ್ತದೆ. ಅದನ್ನು ತೊಟ್ಟು ಹೋದರೆ ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ಟಿಕೆಟ್ ಇಲ್ಲ.

ಒಂದು ಮಾತು ತಿಳಿದು ಹೋಗಿ. ಕೊರಿಯಾದವರಿಗೆ ಈ ಹೂವಿನ ಜೊತೆ ಒಂದು ನೋವೂ ಇದೆ. ಜಪಾನಿನವರ ಕೈ ಮೇಲಾದಾಗ, 1909ರಲ್ಲಿ, ಚಾಂಗ್‌ಗ್ಯೊಂಗ್‌ಗುಂಗ್ ಅನ್ನುವ ರಾಜರ ಅರಮನೆಯನ್ನು ಮೃಗಾಲಯ ಮಾಡಿ ಬಾಗಿಲು ತೆರೆದರು. ಅಂಗಳಕ್ಕೆ ಚೆರ್ರಿ ನೆಟ್ಟರು. 1980ರ ದಶಕದಲ್ಲಿ ಕೊರಿಯಾದವರು ಪ್ರಾಣಿಗಳನ್ನು ಸಾಗಿಸಿ ಅರಮನೆಯನ್ನು ಅರಮನೆಯಾಗಿ ಉಳಿಸಿಕೊಂಡರು. ಅಲ್ಲಿಯ ಚೆರ್ರಿ ಮರಗಳಲ್ಲಿ ಒಂದಿಷ್ಟನ್ನು ಯೊಯಿದೊಗೆ ಸಾಗಿಸಿದರು. ಮರವನ್ನು ಕಡಿಯದೆ ಬೇರೆ ಕಡೆ ನೆಟ್ಟ ಆ ಜನರ ಬಗ್ಗೆ ನನಗೆ ತುಂಬಾ ಗೌರವ. ಅಲ್ಲಿ ನಿಂತು ‘ಜಪಾನಿನ ಹೂವು’ ಅಂತ ಜೋರಾಗಿ ಅನ್ನಬೇಡಿ. ಅವರ ಜೇಜು ದ್ವೀಪದಲ್ಲಿ ಅವರದೇ ಕಾಡು ಚೆರ್ರಿ ಇದೆ.

ಅಲ್ಲಿಯ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಮೀನಿನ ರಸವೋ ಉಪ್ಪು ಸಿಗಡಿಯೋ ಇರುತ್ತದೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಿ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ಬೆಂಗಳೂರಿನಲ್ಲಿ ಗುಲಾಬಿ ಹೂವಿನ ಮರ ನೋಡಿದೆ. ಅದು ಸಕುರಾನಾ? ನಮ್ಮ ಮನೆ ಮುಂದೆ ಸಕುರಾ ನೆಟ್ಟರೆ ಬರುತ್ತಾ?
— ವಿದ್ಯಾರ್ಥಿ, ನಿಟುವಳ್ಳಿ, ದಾವಣಗೆರೆ

ಬೆಂಗಳೂರಿನದು ಟಬೆಬುಯಾ ರೋಸಿಯಾ. ಮಧ್ಯ ಅಮೆರಿಕದ ಕಡೆಯ ಮರ. ಅದರ ಹೂವು ತುತ್ತೂರಿಯ ಹಾಗೆ. ಸಕುರಾದ್ದು ಐದು ಬಿಡಿ ಎಸಳು.

ಸಕುರಾ ನಮ್ಮ ಊರಿನಲ್ಲಿ ಬರುವುದಿಲ್ಲ. ಕಾರಣ ಕೇಳು, ಚೆನ್ನಾಗಿದೆ. ಆ ಮರ ಮುಂದಿನ ವರ್ಷದ ಮೊಗ್ಗನ್ನು ಬೇಸಿಗೆಯಲ್ಲೇ ಕಟ್ಟಿಟ್ಟುಕೊಂಡು ನಿದ್ದೆ ಹೋಗುತ್ತದೆ. ಆ ನಿದ್ದೆ ಬಿಡಬೇಕಾದರೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ಚಳಿ ತಿಂದ ಮೇಲೆ ಬಿಸಿಲು ಬಂದರೆ ಮಾತ್ರ ಅರಳುತ್ತದೆ. ಮೇಲೆ 600 ಡಿಗ್ರಿ ಲೆಕ್ಕ ಬರೆದಿದ್ದೇನೆ ಅಲ್ವಾ? ದಿನಕ್ಕೆ 32 ಡಿಗ್ರಿ ಅಂತ ಹಿಡಿದರೆ ದಾವಣಗೆರೆಯಲ್ಲಿ ಅದು ಫೆಬ್ರವರಿ 19ಕ್ಕೇ ತುಂಬುತ್ತದೆ. ಆದರೆ ಚಳಿಯ ಪಾಲು ಬಂದೇ ಇರುವುದಿಲ್ಲ. ಮರ ಗಲಿಬಿಲಿಗೊಂಡು ಸೊರಗುತ್ತದೆ. ನಮ್ಮ ದೇಶದಲ್ಲೇ ಚೆರ್ರಿ ಹೂ ನೋಡಬೇಕಾದರೆ ಶಿಲ್ಲಾಂಗ್ ಇದೆ. ಅಲ್ಲಿಯ ಹಿಮಾಲಯದ ತಳಿ ನವೆಂಬರ್‌ನಲ್ಲಿ ಬಿಡುತ್ತದೆ.

ಇನ್ನೊಂದು ವಿಷಯ. ಟೋಕಿಯೊದ ಮರಗಳೆಲ್ಲ ಒಟ್ಟಿಗೆ ಅರಳುವುದು ಯಾಕೆ ಗೊತ್ತಾ? ಸೊಮೇಯ್ ಯೊಶಿನೊ ಮರಗಳೆಲ್ಲ ಒಂದೇ ಮರದಿಂದ ಕಸಿ ಮಾಡಿದವು. ನಮ್ಮ ಬಾದಾಮಿ ಮಾವಿನ ಹಾಗೆ. ಹಳೆಯ ಟೋಕಿಯೊದ ಸೊಮೇಯ್ ಅನ್ನುವ ಹಳ್ಳಿಯ ಗಿಡ ಬೆಳೆಸುವವರು ಅದನ್ನು ಹರಡಿದರು. ಎಲ್ಲಾ ಮರದ ಮೈಯೂ ಒಂದೇ ಆದ್ದರಿಂದ ಒಂದೇ ಬಿಸಿಲಿಗೆ ಒಂದೇ ದಿನ ಎಚ್ಚರ ಆಗುತ್ತವೆ.

ಮನೆ ಮುಂದೆ ಹೊಂಗೆ ನೆಡು. ಯುಗಾದಿ ಹೊತ್ತಿಗೆ ಚಿಗುರಿ, ಆಮೇಲೆ ಹೂ ಬಿಟ್ಟು, ಬೆಳಗಾಗುವಷ್ಟರಲ್ಲಿ ಬೀದಿ ತುಂಬಾ ತೆಳು ಗುಲಾಬಿ ಬಿಳಿ ಹಾಸು ಬಿದ್ದಿರುತ್ತದೆ. ಜೇನುಹುಳಗಳ ಗುಂಯ್ ಅನ್ನುವ ಸದ್ದು ಕೆಳಗೆ ನಿಂತರೆ ಕೇಳುತ್ತದೆ.

ಮತ್ತೆ ನಿನಗೊಂದು ಕೆಲಸ ಕೊಡುತ್ತೇನೆ. ಕ್ಯೋಟೊದಲ್ಲಿ ಚೆರ್ರಿ ಅರಳಿದ ದಿನದ ದಾಖಲೆ ಕ್ರಿ.ಶ. 812ರಿಂದ ಸಿಗುತ್ತದೆ. ಯಸುಯುಕಿ ಆವೊನೊ ಅನ್ನುವ ವಿಜ್ಞಾನಿ ಹಳೆಯ ದಿನಚರಿಗಳನ್ನು ಒಂದೊಂದಾಗಿ ಓದಿ ಅದನ್ನು ಒಟ್ಟು ಮಾಡಿದರು. ರಾಜಮನೆತನದವರು, ಭಿಕ್ಷುಗಳು ‘ಇವತ್ತು ಹೂ ನೋಡಿದೆವು’ ಅಂತ ಬರೆದಿಟ್ಟಿದ್ದರಲ್ಲ, ಅಷ್ಟರಿಂದಲೇ. ಆ ಪಟ್ಟಿಯಲ್ಲಿ 2021ರವರೆಗೆ ಎಲ್ಲಕ್ಕಿಂತ ಬೇಗ ಹೂ ತುಂಬಿದ್ದು ಆ ವರ್ಷದ ಮಾರ್ಚ್ 26ಕ್ಕೆ. ಭೂಮಿ ಬಿಸಿಯಾಗುತ್ತಿದೆ ಅನ್ನುವುದಕ್ಕೆ ಪ್ರಪಂಚದವರೆಲ್ಲ ಇವತ್ತು ಆ ಪಟ್ಟಿ ತೋರಿಸುತ್ತಾರೆ.

ನಿಮ್ಮ ಬೀದಿಯಲ್ಲಿ ಒಂದು ಹೊಂಗೆ ಮರ ಆರಿಸಿಕೋ. ಒಂದೇ ಮರ, ಪ್ರತಿ ವರ್ಷ ಅದೇ. ದಿನಾ ಶಾಲೆಗೆ ಹೋಗುವಾಗ ತಲೆ ಎತ್ತಿ ನೋಡು. ಐದು ಹೂವು ಬಿರಿದ ದಿನ ನೋಟ್‌ಬುಕ್‌ನಲ್ಲಿ ತಾರೀಖು ಬರಿ. ಹಿಂದಿನ ದಿನ ಮಳೆ ಬಂದಿತ್ತಾ, ಎಷ್ಟು ಬಿಸಿಲಿತ್ತು, ಅದನ್ನೂ ಬರಿ. ಬರೆದು ನನಗೂ ಒಂದು ಕಾರ್ಡ್ ಹಾಕು. ಯಾವ ಕ್ರಾಸ್‌ನ ಮರ ಅಂತ ತಿಳಿಸಿದರೆ ನಾನೂ ಬಂದು ನೋಡುತ್ತೇನೆ, ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ.